ತುಕ್ಕು ಹಿಡಿಸಿದ ಸುತ್ತಿಗೆ

ಅವನು ಮೊದಲ ಸಲ ಬಂದಾಗ ಅವಳು ಬೈದಿದ್ದಳು.

ಮ್ಯೂಸಿಯಂನ ಹಿಂಭಾಗದಲ್ಲಿದ್ದ ರಿಪೇರಿ ಕೋಣೆಯ ಬಾಗಿಲಲ್ಲಿ, ಟವೆಲ್‌ನಲ್ಲಿ ಏನನ್ನೋ ಸುತ್ತಿಕೊಂಡು ನಿಂತಿದ್ದ. ಊರಾಚೆ ಗಿಡಗಳ ನರ್ಸರಿ ನಡೆಸುತ್ತಾನಂತೆ. ಗುಂಡಿ ತೋಡುವಾಗ ಸಿಕ್ಕಿತಂತೆ. ಟವೆಲ್ ಬಿಚ್ಚಿದರೆ, ತುದಿ ಬಾಗಿದ ಒಂದು ಗಿಡ್ಡ ಕತ್ತಿ. ಅರ್ಧ ಭಾಗವನ್ನು ಇಟ್ಟಿಗೆಯಿಂದ ತಿಕ್ಕಿ ಹೊಳೆಯುವಂತೆ ಮಾಡಿದ್ದ.

“ಇದನ್ನ ಉಜ್ಜಿದ್ದು ಯಾರು?”

“ನಾನೇ. ನಿಮ್ಮ ಹತ್ರ ತರೋವಾಗ ಸ್ವಲ್ಪ ನೀಟಾಗಿರಲಿ ಅಂತ.”

“ಇನ್ಮೇಲೆ ನೀವು ಮಾತ್ರ ನೀಟಾಗಿ ಬನ್ನಿ. ಕಬ್ಬಿಣ ಹೇಗಿದೆಯೋ ಹಾಗೇ ತನ್ನಿ.”

ಅವನು ತನ್ನ ಮಣ್ಣು ಮೆತ್ತಿದ ಉಗುರುಗಳನ್ನು ನೋಡಿಕೊಂಡು, ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿ ನಕ್ಕ. ‘ಇನ್ಮೇಲೆ’ ಎಂದೇಕೆ ಅಂದೆ ಎಂದು ಅವಳ ಕಿವಿ ಬಿಸಿಯಾಯಿತು.

ಮುಂದಿನ ವಾರ ತಲೆ ಬಾಚಿಕೊಂಡು, ಉಗುರು ಕತ್ತರಿಸಿಕೊಂಡು ಬಂದ. ಕೈಯಲ್ಲಿ ಅಗಲ ಬಾಯಿಯ ಒಂದು ಇಕ್ಕಳ. ಆಮೇಲೆ ಉಜ್ಜುವ ಒಂದು ಅರ. ಆಮೇಲೆ ಹಿಡಿಯಷ್ಟು ಮೊಳೆ. ಮಣ್ಣನ್ನು ಒಣಗಿದಾಗಲೇ ಬಿದಿರುಕಡ್ಡಿಯಿಂದ ಬಿಡಿಸಬೇಕು, ವಿನಿಗರ್‌ನಲ್ಲಿ ನೆನೆಸಿ ಬ್ರಷ್‌ನಿಂದ ತಿಕ್ಕಬೇಕು, ಹುಳಿ ಉಳಿಯದಂತೆ ಸೋಡಾ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಮೇಣ ಹಚ್ಚಬೇಕು ಎಂದು ಅವಳು ಹೇಳಿಕೊಟ್ಟಳು. ಅವನು ಕಲಿತ. ಒಂದೇ ಬೋಗುಣಿಯ ಮೇಲೆ ಇಬ್ಬರ ತಲೆಯೂ ಬಾಗಿದಾಗ, ಸಹೋದ್ಯೋಗಿಗಳು ಬಾಗಿಲಲ್ಲಿ ಇಣುಕಿ “ತುಕ್ಕಮ್ಮನಿಗೆ ಶಿಷ್ಯ ಸಿಕ್ಕಿದಾನೆ” ಎಂದು ಕಿಚಾಯಿಸುತ್ತಿದ್ದರು.

ಅಗಲ ತಲೆಯ ಆ ಮೊಳೆಗಳನ್ನು ನೋಡಿದ ಮೇಲೆಯೇ ಅವಳಿಗೆ ಹೊಳೆದದ್ದು: ಇದು ಕುದುರೆಗೆ ಲಾಳ ಕಟ್ಟುವವನ ಸಾಮಾನು. ಕತ್ತಿಯ ತುದಿ ಬಾಗಿರುವುದು ಗೊರಸು ಹೆರೆಯುವುದಕ್ಕೆ. ಖುಷಿಯಲ್ಲಿ ಒಂದೇ ಉಸಿರಿಗೆ ವಿವರಿಸುತ್ತಿದ್ದವಳು ತಲೆಯೆತ್ತಿದಳು. ಅವನು ಕತ್ತಿಯನ್ನು ನೋಡುತ್ತಿರಲಿಲ್ಲ.

“ನಾನು ತೋರಿಸ್ತಿರೋದು ಈ ಕಡೆ.”

“ನೋಡಿದೆ. ಆಮೇಲೆ ನಿಮ್ಮ ಕಡೆ ತಿರುಗಿದೆ.”

ಆ ಸಾಮಾನುಗಳಿಗಾಗಿ ಡೈರೆಕ್ಟರ್ ಹತ್ತಿರ ಹಟ ಹಿಡಿದು ಒಂದು ಗಾಜಿನ ಕಪಾಟನ್ನೇ ಕೊಡಿಸಿದಳು.

ಆಮೇಲೆ ಬಂತು ಸುತ್ತಿಗೆ.

ಅವನು ಅವಸರದಲ್ಲಿ ಇಟ್ಟು ಹೋಗಿಬಿಟ್ಟಿದ್ದ. ನೋಡಿದ ಕೂಡಲೇ ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೆಲದಲ್ಲಿ ಹೂತಿದ್ದ ಕಬ್ಬಿಣದ ತುಕ್ಕು ಕಪ್ಪುಗಂದು, ಪದರ ಪದರ. ಕೆಳಗೆ ಗುಳಿ ಬಿದ್ದಿರುತ್ತದೆ. ಇದರ ತುಕ್ಕು ಕಿತ್ತಳೆ ಬಣ್ಣದ ಪುಡಿ, ಬೆರಳಿಗೇ ಮೆತ್ತಿಕೊಂಡಿತು. ಒರೆಸಿದರೆ ಒಳಗೆ ನುಣ್ಣನೆಯ ಹೊಸ ಲೋಹ, ಯಂತ್ರದಲ್ಲಿ ಒತ್ತಿದ ನಂಬರು.

ಕಪಾಟಿನಿಂದ ಉಳಿದದ್ದನ್ನೆಲ್ಲ ತೆಗೆದು ಮತ್ತೆ ಭೂತಗನ್ನಡಿ ಹಿಡಿದಳು. ಅವೆಲ್ಲ ಅಸಲಿಯೇ. ಆದರೂ ಸಮಾಧಾನವಾಗಲಿಲ್ಲ. ಒಂದು ಸುಳ್ಳು ತಂದವನು ಇನ್ನೇನೇನು ಸುಳ್ಳು ಹೇಳಿದ್ದಾನೋ? ಗುಂಡಿಯೂ ಸುಳ್ಳೇ? ಆ ನೋಟವೂ?

ಸುತ್ತಿಗೆ ಹಿಡಿದು ನೇರ ನರ್ಸರಿಗೆ ಹೋದಳು. ಕುಂಡಗಳ ನಡುವೆ ಅವನ ತಾಯಿ ಕಳೆ ಕೀಳುತ್ತಿದ್ದರು. ಅವಳ ಮುಖ ನೋಡುವುದಕ್ಕೆ ಮೊದಲು ಕೈ ನೋಡಿದರು.

“ನಮ್ಮ ಸುತ್ತಿಗೆ ನಿನ್ನ ಹತ್ರ ಇದೆಯಾ ಮಗಳೇ? ಮನೆಯೆಲ್ಲ ಜಾಲಾಡಿಬಿಟ್ಟೆ.”

ಮಗ ಏನನ್ನೋ ಬಕೆಟ್ಟಿನ ಉಪ್ಪುನೀರಲ್ಲಿ ನೆನೆಹಾಕಿ, ಯಾರೂ ಮುಟ್ಟಬೇಡಿ ಎಂದು ಕಾವಲು ಕಾಯುತ್ತಿದ್ದನೆಂದೂ ಹೇಳಿದರು. ಅಷ್ಟರಲ್ಲಿ ಅವನೇ ಬಂದ. ಸುತ್ತಿಗೆ ಕಂಡವನೇ ನಿಂತುಬಿಟ್ಟ. ಕೈಯಲ್ಲಿದ್ದ ಪೈಪಿನ ನೀರು ಅವನ ಕಾಲಿನ ಮೇಲೆಯೇ ಸುರಿಯುತ್ತಿತ್ತು.

“ಯಾಕೆ ಹೀಗೆ ಮಾಡಿದ್ರಿ?”

“ಖಾಲಿಯಾಯ್ತು.”

“ಏನು?”

“ಗುಂಡೀಲಿದ್ದಿದ್ದು. ಎಲ್ಲಾ ಮೊದಲ ದಿನವೇ ಸಿಕ್ಕಿತ್ತು. ಒಟ್ಟಿಗೆ ತಂದುಕೊಟ್ಟಿದ್ರೆ ನಿಮ್ಮನ್ನ ಒಂದೇ ಸಲ ನೋಡಿ ವಾಪಸ್ ಬರಬೇಕಿತ್ತು. ಅದಕ್ಕೇ ಒಂದೊಂದಾಗಿ ತಂದೆ. ಮುಗಿದ ಮೇಲೆ ಬರಿಗೈಲಿ ಬರೋಕೆ ಧೈರ್ಯ ಆಗಲಿಲ್ಲ.”

ಶೆಡ್ಡಿನ ಹಿಂದೆ ಕರೆದೊಯ್ದು ಗುಂಡಿ ತೋರಿಸಿದ. ಲಡ್ಡಾದ ಮರದ ಪೆಟ್ಟಿಗೆಯ ಚೂರುಗಳಿನ್ನೂ ಮಣ್ಣಿಗೆ ಅಂಟಿಕೊಂಡಿದ್ದವು, ತುಕ್ಕಿನ ಕಲೆಯ ಸಮೇತ. ಅವಳು ಬಗ್ಗಿ ಒಂದು ಚೂರನ್ನು ಮುಟ್ಟಿ ನೋಡಿದಳು. ಬೆಳಗ್ಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು.

ಆದರೂ ಬಿಡಲಿಲ್ಲ. ಈ ಸುತ್ತಿಗೆ ಕಪಾಟಿಗೆ ಸೇರಿದ್ದರೆ ತನ್ನ ಮಾತಿಗೆ ಬೆಲೆಯೇ ಉಳಿಯುತ್ತಿರಲಿಲ್ಲ ಎಂದು ಚೆನ್ನಾಗಿ ಝಾಡಿಸಿದಳು. ಅವನ ಮುಖ ಇಳಿದುಹೋಯಿತು. ಅಷ್ಟು ದೂರ ಯೋಚಿಸಲಿಲ್ಲ, ತಪ್ಪಾಯಿತು ಎಂದ. ತಲೆ ತಗ್ಗಿಸಿ ನಿಂತವನನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

“ಮೇಣ ಹಚ್ಚೋದು ಅರ್ಧ ಗಂಟೆ ಕೆಲಸ,” ಎಂದಳು. “ನೀವು ಬರಲಿ ಅಂತ ಪ್ರತಿಸಲ ಬೇಕಂತಲೇ ಬಾಕಿ ಇಡ್ತಿದ್ದೆ.”

ಅವನು ತಲೆಯೆತ್ತಿದ. ಈ ಸಲ ಕಣ್ಣು ತಪ್ಪಿಸಿದವಳು ಅವಳು.

ಸುತ್ತಿಗೆಯನ್ನು ಅಮ್ಮ ಒಳಗೆ ಒಯ್ದರು. ಅವನು ಬಸ್‌ಸ್ಟಾಪ್‌ವರೆಗೆ ಬಂದ. ನಾಳೆ ಬರಿಗೈಲಿ ಬರಬಹುದಾ ಎಂದು ಕೇಳಿದ. ನಾಳೆ ತನಗೆ ರಜೆ, ಮ್ಯೂಸಿಯಂ ಬಿಟ್ಟು ಬೇರೆ ಎಲ್ಲಿಗಾದರೂ ಕರೆದರೆ ಬರುತ್ತೇನೆ ಎಂದಳು ಅವಳು. ಅವನ ಒದ್ದೆ ಬೆರಳುಗಳು ಅವಳ ಬೆರಳುಗಳನ್ನು ಹುಡುಕಿಕೊಂಡವು.

ಬಸ್ಸು ಬಂತು. ಡ್ರೈವರ್ ಇಬ್ಬರನ್ನೂ ನೋಡಿ ನಿಧಾನ ಮಾಡಿದ. ಯಾರೂ ಕೈ ಎತ್ತಲಿಲ್ಲ.