ಪರೀಕ್ಷಾ ಕೊಠಡಿಯಲ್ಲಿ ನಿದ್ದೆಹೋದ ಹುಡುಗಿ

ಹನ್ನೆರಡನೇ ತಾರೀಖು, ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಠಾಣೆಗೆ ಬಂದ ಆ ಮನುಷ್ಯ ಕುರ್ಚಿ ತೋರಿಸಿದರೂ ಕೂರಲಿಲ್ಲ. ಆಸ್ಪತ್ರೆಯ ಚೀಟಿಯೊಂದನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟು, ಅದೆಲ್ಲಿ ಹಾರಿಹೋಗುತ್ತದೋ ಎಂಬಂತೆ ಅಂಗೈ ಒತ್ತಿ ನಿಂತ.

"ನನ್ನ ಮಗಳಿಗೆ ಯಾರೋ ನಿದ್ದೆ ಮಾತ್ರೆ ಹಾಕಿದ್ದಾರೆ ಮೇಡಂ. ನಿನ್ನೆ ಮೆಡಿಕಲ್ ಪ್ರವೇಶ ಪರೀಕ್ಷೆ. ಎಕ್ಸಾಮ್ ಹಾಲ್‌ನಲ್ಲಿ ಕೂತವಳು ಹಾಗೇ ಮಲಗಿಬಿಟ್ಟಿದ್ದಾಳೆ. ಕೊನೇ ಬೆಲ್ ಹೊಡೆದ್ರೂ ಎದ್ದಿಲ್ಲ."

ಇನ್ಸ್‌ಪೆಕ್ಟರ್ ಚೀಟಿಯನ್ನು ಎರಡು ಸಲ ಓದಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಕಾಪಿ ಹೊಡೆದವರನ್ನು ನೋಡಿದ್ದರು, ಇನ್ನೊಬ್ಬರ ಹೆಸರಿನಲ್ಲಿ ಕೂತು ಬರೆದವರನ್ನು ನೋಡಿದ್ದರು, ಪ್ರಶ್ನೆಪತ್ರಿಕೆ ಕದ್ದವರಿಗೆ ಕೋಳ ತೊಡಿಸಿದ್ದರು. ಬರೆಯಲು ಬಂದವಳನ್ನೇ ಮಲಗಿಸಿದ್ದು ಇದೇ ಮೊದಲು.

ಹಿಂದಿನ ಬೆಂಚಿನಲ್ಲಿ ಹುಡುಗಿಯ ತಾಯಿ ಮಗಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಮಗಳ ಜೊತೆ ಇರೋದು ನೀವಾ ಅಮ್ಮ?"

"ಹೌದು, ಇವಳೇ. ಎರಡು ವರ್ಷದಿಂದ ಕೋಚಿಂಗಿಗೋಸ್ಕರ ಇಲ್ಲಿ ರೂಮ್ ಮಾಡಿಕೊಟ್ಟಿದ್ದೀನಿ," ಎಂದ ತಂದೆ.

"ನಿನ್ನೆ ಬೆಳಿಗ್ಗೆ ಹುಡುಗಿ ಏನು ತಿಂದ್ಳು?"

"ಬ್ರೆಡ್ಡು, ಹಾಲು. ಏಳೂವರೆಗೆ." ಅದಕ್ಕೂ ತಂದೆಯೇ ಉತ್ತರ ಕೊಟ್ಟ.

"ಆಗ ನೀವಿಲ್ಲಿದ್ರಾ?"

"ಇಲ್ಲ ಮೇಡಂ, ನಾನು ನಮ್ಮೂರಲ್ಲಿದ್ದೆ. ಉಗ್ರಾಣದ ಮೇಲ್ವಿಚಾರಕ, ರಜೆ ಎಲ್ಲಿ ಸಿಗುತ್ತೆ? ಫೋನ್ ಬಂದ್ಮೇಲೆ ಓಡಿಬಂದೆ."

ಯಾರ ಮೇಲಾದರೂ ಅನುಮಾನವಿದೆಯೇ ಎಂದರೆ ಅವನ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕೋಚಿಂಗಿನ ವಾರದ ಟೆಸ್ಟುಗಳಲ್ಲಿ ತನ್ನ ಮಗಳು ಮೊದಲನೆಯವಳು. ಎರಡನೆಯವಳು ಯಾವಾಗಲೂ ಅದೇ ಒಬ್ಬ ಹುಡುಗಿ. ಪರೀಕ್ಷೆಯ ಗೇಟಿನಲ್ಲಿ ಆಕೆ ಬಿಸ್ಕತ್ತು ಕೊಟ್ಟಿದ್ದಾಳೆ.

ಹತ್ತು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದವನು ಹೆಡ್ ಕಾನ್‌ಸ್ಟೇಬಲ್. ಠಾಣೆಗೆ ಟೀ ಬಂದ ಹೊತ್ತನ್ನೂ ಪುಸ್ತಕದಲ್ಲಿ ಬರೆದಿಡುವವನೆಂದು ಅವನಿಗೆ ಎಲ್ಲರೂ ‘ಗಡಿಯಾರ’ ಎಂದು ಹೆಸರಿಟ್ಟಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ನೇರವಾಗಿ ಹೇಳಿದರು. "ಒಂದಲ್ಲ, ಎರಡು ಮಾತ್ರೆಯಷ್ಟಿದೆ. ಒಳಗೆ ಹೋದ ಮೇಲೆ ಹೆಚ್ಚೆಂದ್ರೆ ಒಂದು ಗಂಟೆ ತಡೆಯುತ್ತೆ. ಏಳೂವರೆಯ ಹಾಲಲ್ಲಿ ಹಾಕಿದ್ರೆ ಈ ಹುಡುಗಿ ಪರೀಕ್ಷಾ ಕೇಂದ್ರದ ಗೇಟನ್ನೂ ಮುಟ್ಟುತ್ತಿರಲಿಲ್ಲ."

ಹುಡುಗಿಗೆ ಹತ್ತೊಂಬತ್ತು ವರ್ಷ. ಬಲಗೈ ಮಧ್ಯದ ಬೆರಳಿನಲ್ಲಿ ಪೆನ್ನು ಹಿಡಿದೂ ಹಿಡಿದೂ ಎದ್ದ ಗಂಟು. ಕಣ್ಣು ತೆರೆದಿದ್ದಳು, ಆದರೆ ಇನ್ನೂ ನಿದ್ದೆಯಿಂದ ಪೂರ್ತಿ ಈಚೆ ಬಂದಂತಿರಲಿಲ್ಲ.

"ಒಂಬತ್ತರಿಂದ ಹತ್ತರ ನಡುವೆ ಬೇರೆಯವರು ಕೊಟ್ಟಿದ್ದು ಏನಾದ್ರೂ ತಿಂದ್ಯಾ? ಕುಡಿದ್ಯಾ?"

"ಬಿಸ್ಕತ್ತು. ಅವಳೂ ತಿಂದ್ಲು. ಆಮೇಲೆ ನನ್ನ ಬಾಟಲಿ ನೀರು."

"ಬೇರೆ?"

"ಇಲ್ಲ." ಆಮೇಲೆ ತಾನೇ ಕೇಳಿದಳು: "ಮೇಡಂ, ನಾನು ಎಷ್ಟು ಪ್ರಶ್ನೆ ಬರೆದಿದ್ದೆ?"

ಅದು ಇನ್ಸ್‌ಪೆಕ್ಟರ್‌ಗೆ ಗೊತ್ತಾದದ್ದು ಮಧ್ಯಾಹ್ನ, ಪರೀಕ್ಷಾ ಕೇಂದ್ರದಲ್ಲಿ. ಹುಡುಗಿಯ ಅರ್ಧ ಖಾಲಿಯಾದ ನೀರಿನ ಬಾಟಲಿಯನ್ನು ಇಬ್ಬರು ಪಂಚರ ಮುಂದೆ ಪಂಚನಾಮೆ ಮಾಡಿ ವಶಕ್ಕೆ ಪಡೆದು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಪತ್ರಿಕೆಯ ನಕಲನ್ನು ಕೇಂದ್ರದ ಮುಖ್ಯಸ್ಥರು ತೋರಿಸಿದರು. ಹದಿನಾಲ್ಕು ಚುಕ್ಕೆಗಳು ಅಚ್ಚು ಒತ್ತಿದಷ್ಟು ದುಂಡಗೆ ತುಂಬಿದ್ದವು. ಹದಿನೈದನೆಯದರಿಂದ ಹೊರಟ ಗೆರೆ ಹಾಳೆಯನ್ನು ಓರೆಯಾಗಿ ಸೀಳಿಕೊಂಡು ಅಂಚಿನಾಚೆಗೆ ಹೋಗಿತ್ತು.

ಕೊಠಡಿಯ ಕ್ಯಾಮೆರಾ ದೃಶ್ಯವನ್ನು ಗಡಿಯಾರ ಓಡಿಸಿದ. ಹತ್ತು ಇಪ್ಪತ್ತೆರಡಕ್ಕೆ ಹುಡುಗಿ ತಲೆ ಕೊಡವಿಕೊಂಡಳು. ಇಪ್ಪತ್ತೇಳಕ್ಕೆ ತನ್ನ ಕೈಯನ್ನು ತಾನೇ ಚಿವುಟಿಕೊಂಡಳು. ಮೂವತ್ತೊಂದಕ್ಕೆ ಕೆನ್ನೆ ಮೇಜಿಗೆ ತಾಗಿತು. ಆಮೇಲೆ ಎಷ್ಟು ವೇಗವಾಗಿ ಓಡಿಸಿದರೂ ಅವಳೊಬ್ಬಳು ಅಲುಗಲಿಲ್ಲ. ಸುತ್ತ ನಲವತ್ತು ಮಂದಿ ಹಾಳೆ ಮಗುಚುತ್ತಿದ್ದರು, ನೀರು ಕುಡಿಯುತ್ತಿದ್ದರು, ಕತ್ತು ತಿರುಗಿಸಿ ಅವಳನ್ನೊಮ್ಮೆ ನೋಡಿ ಮತ್ತೆ ಬರೆಯುತ್ತಿದ್ದರು. ಎರಡೂವರೆ ಗಂಟೆ. ಯಾರೂ ಅವಳ ಭುಜ ಮುಟ್ಟಲಿಲ್ಲ.

"ನೀವ್ಯಾಕೆ ಎಬ್ಬಿಸ್ಲಿಲ್ಲ?" ಇನ್ಸ್‌ಪೆಕ್ಟರ್ ದನಿ ಅವರಿಗೇ ಗೊತ್ತಿಲ್ಲದೆ ಏರಿತು.

ಮೇಲ್ವಿಚಾರಣೆಗಿದ್ದ ಶಿಕ್ಷಕಿ ಬಿಳಿಚಿಕೊಂಡಳು. "ಬರೆಯೋರನ್ನ ಮುಟ್ಟಬಾರದು ಅಂತ ನಿಯಮ ಮೇಡಂ. ಉತ್ತರ ಗೊತ್ತಾಗ್ದೆ ಬೇಜಾರಾಗಿ ತಲೆ ಬಗ್ಗಿಸಿದ್ದಾಳೆ ಅಂದ್ಕೊಂಡೆ. ಅಂಥವರು ಪ್ರತಿ ವರ್ಷ ಇರ್ತಾರೆ."

ಮಂಗಳವಾರ ಎರಡನೇ ಸ್ಥಾನದ ಹುಡುಗಿಯನ್ನು ಅವಳ ಅಣ್ಣನ ಸಮಕ್ಷಮದಲ್ಲಿ ವಿಚಾರಿಸಿದರು. ಹೆದರಿ ಮುದ್ದೆಯಾಗಿದ್ದಳು, ಆದರೆ ತಡವರಿಸಲಿಲ್ಲ.

"ಒಂದೇ ಪೊಟ್ಟಣದ ಬಿಸ್ಕತ್ತು ಮೇಡಂ. ನಾನು ಮೂರು ತಿಂದೆ, ಅವಳು ಎರಡು. ಅವಳು ಬರೀದಿದ್ರೆ ನಂಗೇನು ಲಾಭ? ಅಲ್ಲಿ ಲಕ್ಷಾಂತರ ಜನ ಬರೀತಾರೆ. ಅವಳಿಗಿಂತ ಮುಂದಿರೋರೇ ಎಷ್ಟು ಸಾವಿರವೋ!"

ಮಾತು ಸರಿಯಾಗಿಯೇ ಇತ್ತು. ಏಳಲು ಹೊರಟವಳು ತಿರುಗಿ ಹೇಳಿದಳು: "ಹೋದ ವರ್ಷಾನೂ ಅವಳಿಗೆ ಹೀಗೇ ಆಗಿತ್ತಂತೆ. ಪರೀಕ್ಷೆ ದಿನ ಎಚ್ಚರಾನೇ ಆಗ್ಲಿಲ್ಲವಂತೆ. ನಾನು ಈ ಊರಿಗೆ ಬಂದಿದ್ದೇ ಈ ವರ್ಷ."

ಇನ್ಸ್‌ಪೆಕ್ಟರ್ ತಕ್ಷಣ ತಂದೆಗೆ ಫೋನು ಮಾಡಿದರು. "ಹೋದ ವರ್ಷ ಜ್ವರ ಬಂದಿತ್ತು," ಎಂದ ಅವನು. ಹುಡುಗಿಯನ್ನು ಕೇಳಿದರೆ, "ಜ್ವರ ಇರ್ಲಿಲ್ಲ. ಹನ್ನೊಂದು ಗಂಟೆಗೆ ಕಣ್ಣು ಬಿಟ್ಟೆ. ಎಷ್ಟು ಎಬ್ಬಿಸಿದ್ರೂ ಏಳ್ಲಿಲ್ಲ ಅಂತ ಅಮ್ಮ ಅತ್ರು. ಅಪ್ಪ ಬಯ್ತಾರೆ ಅಂತ ಜ್ವರ ಅಂತ ಹೇಳಿದ್ವಿ," ಎಂದಳು.

ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಬಾಟಲಿಯ ನೀರಿನಲ್ಲಿ ಏನೂ ಇರಲಿಲ್ಲ. ಬಿಸ್ಕತ್ತಲ್ಲ, ನೀರಲ್ಲ, ಹಾಲಲ್ಲ. ಎರಡು ವರ್ಷವೂ ಅವಳ ಹತ್ತಿರವಿದ್ದ ಯಾರೋ.

ಇನ್ಸ್‌ಪೆಕ್ಟರ್ ಅಂದೇ ಆ ಬಾಡಿಗೆ ಮನೆಗೆ ಹೋದರು. ಡಾಕ್ಟರು ಇನ್ನೂ ಮನೆಗೆ ಕಳಿಸಿರಲಿಲ್ಲ, ತಾಯಿ ಮಗಳು ಆಸ್ಪತ್ರೆಯಲ್ಲಿದ್ದರು. ಕೆಳಗಿನ ಮನೆಯಲ್ಲಿದ್ದ ಮನೆ ಒಡತಿ ಎಪ್ಪತ್ತು ದಾಟಿದ ಅಜ್ಜಿ, ಮಾತಿಗೆ ಯಾರಾದರೂ ಸಿಗಲಿ ಎಂದು ಕಾಯುತ್ತಿದ್ದಂತಿದ್ದಳು.

"ಬಂದ ಹೊಸದ್ರಲ್ಲಿ ಆ ತಾಯಿ ಬಾಯೇ ಬಿಡ್ತಿರ್ಲಿಲ್ಲ. ಈಗ ನೋಡ್ಬೇಕು, ಮೆಟ್ಟಿಲು ಹತ್ತುವಾಗ ಹಾಡು ಗುನುಗ್ತಾಳೆ. ಮಗಳು ಕ್ಲಾಸಿಗೆ ಹೋದ್ರೆ ಇವಳು ಆ ಮೂಲೆ ಟೈಲರಿಂಗ್ ಅಂಗಡಿಗೆ. ಅಲ್ಲಿ ಬಟ್ಟೆ ಕತ್ತರಿಸೋಕೆ ಇವಳೇ ಬೇಕಂತೆ. ನನಗೂ ಮಗಳ ಹಾಗೇ. ಮಾತ್ರೆ ಅಂಗಡಿಯಿಂದ ತರೋಳೂ ಅವಳೇ."

"ಯಾವ ಮಾತ್ರೆ ಅಜ್ಜಿ?"

"ನಿದ್ದೇದು. ಈ ವಯಸ್ಸಿಗೆ ನಿದ್ದೆ ಎಲ್ಲಿಂದ ಬರಬೇಕು? ಅದ್ಯಾಕೋ ಈ ಸಲ ಎರಡು ದಿನ ಮೊದ್ಲೇ ಖಾಲಿಯಾಯ್ತು. ನಂಗೇ ಅರಳುಮರಳು, ಒಂದು ನುಂಗಿ ಇನ್ನೊಂದು ನುಂಗ್ತೀನೋ ಏನೋ!"

ಬರೆಯುತ್ತಿದ್ದ ಗಡಿಯಾರ ತಲೆಯೆತ್ತಿದ. ಇನ್ಸ್‌ಪೆಕ್ಟರ್ ಅವನತ್ತ ನೋಡಲಿಲ್ಲ. ನೋಡಿದರೆ ಮನಸ್ಸಿಗೆ ಬಂದದ್ದು ನಿಜವಾಗಿಬಿಡುತ್ತದೆ ಎನಿಸಿತು.

"ಪರೀಕ್ಷೆ ಮುಗೀತಲ್ಲ ಅಜ್ಜಿ, ಇನ್ನು ರೂಮ್ ಖಾಲಿ ಮಾಡ್ತಾರಾ?"

"ಇಲ್ವಲ್ಲ! ಇನ್ನೊಂದು ವರ್ಷಕ್ಕೆ ಕರಾರು ಬರೆದು ಸಹಿ ಹಾಕಿದಾಳೆ."

ಕರಾರು ಪತ್ರದ ಮೇಲೆ ಎರಡನೇ ತಾರೀಖಿತ್ತು. ಪರೀಕ್ಷೆಗೆ ಒಂಬತ್ತು ದಿನ ಮೊದಲು. ಪ್ರತಿ ಟೆಸ್ಟಿನಲ್ಲೂ ಮೊದಲು ಬರುವ ಮಗಳು ಈ ಸಲವೂ ಊರು ಬಿಡುವುದಿಲ್ಲವೆಂದು ತಾಯಿಗೆ ಆಗಲೇ ಗೊತ್ತಿತ್ತು.

ಠಾಣೆಗೆ ಮರಳಿದವರೇ ಗೇಟಿನ ಕ್ಯಾಮೆರಾ ದೃಶ್ಯ ತರಿಸಿದರು. ಸೋಮವಾರ ಅದನ್ನು ನೋಡಿದ್ದರು. ಆದರೆ ಆಗ ಅವರ ಕಣ್ಣಿದ್ದದ್ದು ಬಿಸ್ಕತ್ತು ಕೊಟ್ಟ ಹುಡುಗಿಯ ಕೈಗಳ ಮೇಲೆ. ಈ ಸಲ ಮುಂದಕ್ಕೆ ಬಿಟ್ಟರು. ಒಂಬತ್ತು ಇಪ್ಪತ್ತಾರು. ಬಿಸ್ಕತ್ತಿನ ಹುಡುಗಿ ಒಳಗೆ ಹೋಗಿಯಾಗಿದೆ. ತಾಯಿ ಮಗಳನ್ನು ಕೂಗಿ ನಿಲ್ಲಿಸುತ್ತಾಳೆ, ಚೀಲದಿಂದ ಫ್ಲಾಸ್ಕ್ ತೆಗೆದು ಮುಚ್ಚಳಕ್ಕೆ ಬಗ್ಗಿಸಿ ಕುಡಿಸುತ್ತಾಳೆ. ಮಗಳು ಸಾಕೆಂದು ಮುಖ ತಿರುಗಿಸಿದಾಗ ತಲೆ ಸವರಿ ಇನ್ನೊಂದು ಗುಟುಕು ಕುಡಿಸಿ, ಕರವಸ್ತ್ರದಿಂದ ಬಾಯಿ ಒರೆಸುತ್ತಾಳೆ.

"ಬೇರೆಯವರು ಕೊಟ್ಟಿದ್ದು ಅಂತ ಕೇಳಿದ್ನಲ್ಲ ಆ ಹುಡುಗೀನ," ಎಂದರು ಇನ್ಸ್‌ಪೆಕ್ಟರ್ ದೃಶ್ಯವನ್ನು ಅಲ್ಲೇ ನಿಲ್ಲಿಸಿ. "ಅಮ್ಮ ಬೇರೆಯವಳು ಹೇಗಾಗ್ತಾಳೆ?"

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ತಾಯಿಯನ್ನು ಕರೆಸಿದರು. ತಂದೆಯೂ ಹಿಂದೆಯೇ ಒಳಗೆ ಬರಲು ಹೊರಟಾಗ ಮಹಿಳಾ ಕಾನ್‌ಸ್ಟೇಬಲ್ ಬಾಗಿಲಲ್ಲೇ ತಡೆದಳು. "ಅವಳಿಗೆ ಮಾತಾಡೋಕೆ ಬರಲ್ಲ ಮೇಡಂ, ಏನಿದ್ರೂ ನನ್ನ ಕೇಳಿ," ಎನ್ನುತ್ತಿದ್ದ ಅವನ ದನಿ ಬಾಗಿಲು ಮುಚ್ಚಿದ ಮೇಲೂ ಕೇಳುತ್ತಿತ್ತು.

"ಫ್ಲಾಸ್ಕಲ್ಲಿ ಏನಿತ್ತಮ್ಮ?"

ತಾಯಿ ಬಾಗಿಲ ಕಡೆ ನೋಡಿದಳು.

"ಅವರು ಬರಲ್ಲ. ಹೇಳಿ."

"ನಿಂಬೆ ಶರಬತ್ತು."

"ಮತ್ತೆ?"

"ಅಜ್ಜಿ ಮಾತ್ರೆ. ಎರಡು. ಪುಡಿ ಮಾಡಿ ಹಾಕಿದೆ."

ಗಡಿಯಾರನ ಪೆನ್ನು ನಿಂತಿತು. ತಪ್ಪೊಪ್ಪಿಗೆ ಇಷ್ಟು ಸಲೀಸಾಗಿ ಬರುತ್ತದೆಂದು ಇನ್ಸ್‌ಪೆಕ್ಟರ್ ಎಣಿಸಿರಲಿಲ್ಲ.

"ಹೋದ ವರ್ಷ?"

"ಒಂದು. ಹಾಲಲ್ಲಿ. ಎರಡನೇ ಸಲವೂ ಏಳ್ಲಿಲ್ಲ ಅಂದ್ರೆ ಯಾರೂ ನಂಬಲ್ಲ ಅಂತ ಈ ಸಲ ಗೇಟಲ್ಲಿ ಕೊಟ್ಟೆ. ತೂಕಡಿಕೆ ಬಂದು ನಾಲ್ಕು ತಪ್ಪು ಮಾಡ್ಲಿ, ಸೀಟು ತಪ್ಪಲಿ, ಅಷ್ಟೇ ಅಂದ್ಕೊಂಡಿದ್ದೆ."

"ಪ್ರಾಣ ಹೋಗಿದ್ರೆ?"

"ಮೂರು ಗಂಟೆ ಗೇಟ್ ಹೊರಗೆ ಕೂತು ಅದನ್ನೇ ಯೋಚಿಸ್ತಿದ್ದೆ. ಒಳಗೆ ಹೋಗಿ ಹೇಳಿಬಿಡೋಣ ಅಂತ ಎರಡು ಸಲ ಎದ್ದೆ ಮೇಡಂ. ಕಾಲು ಬರ್ಲಿಲ್ಲ."

"ಯಾಕಮ್ಮ? ಹೆತ್ತ ಮಗಳಲ್ವಾ?"

ತಾಯಿ ಕೈ ಬಿಡಿಸಿ ಮಡಿಲಲ್ಲಿಟ್ಟುಕೊಂಡಳು. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಜಡ್ಡುಗಟ್ಟಿತ್ತು.

"ಅವಳಿಗೆ ಸೀಟು ಸಿಕ್ಕಿದ್ರೆ ಅವಳು ಹಾಸ್ಟೆಲ್ಲಿಗೆ ಹೋಗ್ತಾಳೆ. ನಾನು?"

ಇನ್ಸ್‌ಪೆಕ್ಟರ್ ನೀರಿನ ಲೋಟವನ್ನು ಅವಳತ್ತ ಸರಿಸಿದರು.

"ಅವರು ಹೊಡೆಯಲ್ಲ ಮೇಡಂ, ಸುಳ್ಳು ಹೇಳಬಾರದು. ಆದ್ರೆ ಆ ಮನೇಲಿ ಕಿಟಕಿ ತೆಗೀಬೇಕಂದ್ರೂ ಕೇಳ್ಬೇಕು. ಇಪ್ಪತ್ತು ವರ್ಷ ಬೀಗದ ಕೈ ಅವರ ಜೇಬಲ್ಲೇ ಇತ್ತು. ನಾನು ಹೊರಗೆ ಹೋಗಿ ಏನು ಮಾಡೋದಿದೆ ಅಂತ ಕೇಳೋರು. ಇಲ್ಲಿಗೆ ಬಂದ ಮೊದಲ ದಿನ ಅಜ್ಜಿ ನನ್ನ ಕೈಗೆ ಕೀಲಿ ಕೊಟ್ರು. ಬಾಗಿಲು ಹಾಕಿ, ಬೀದಿ ಕೊನೇ ತನಕ ನಡ್ಕೊಂಡು ಹೋಗಿ, ಏನೂ ಕೊಳ್ಳದೆ ವಾಪಸ್ ಬಂದೆ. ಎಷ್ಟು ಖುಷಿಯಾಯ್ತು ಅಂತೀರಾ! ಇನ್ನೊಂದು ವರ್ಷ, ಇನ್ನೊಂದೇ ವರ್ಷ ಅನ್ನಿಸ್ತು. ಮಗು ಚಿಕ್ಕೋಳು, ಮತ್ತೆ ಬರೀಬಹುದು. ನಂಗೆ ಮತ್ತೆ ಯಾವಾಗ?"

ರೂಮಿನಲ್ಲಿ ಪಂಚನಾಮೆ ಮಾಡಿ ಫ್ಲಾಸ್ಕ್ ವಶಪಡಿಸಿಕೊಂಡರು. ತೊಳೆದು ಕವುಚಿಟ್ಟಿದ್ದಳು, ಮುಚ್ಚಳದ ರಬ್ಬರು ಸುತ್ತಿನ ಸಂದಿಯಲ್ಲಿ ಮಾತ್ರ ಬಿಳಿ ಪುಡಿ ಉಳಿದಿತ್ತು. ಔಷಧಿ ಅಂಗಡಿಯ ಪುಸ್ತಕದಲ್ಲಿ ಪ್ರತಿ ತಿಂಗಳೂ ಅವಳ ಸಹಿಯಿತ್ತು. ಸಂಜೆ ನಾಲ್ಕು ಐವತ್ತಕ್ಕೆ, ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ, ಬಂಧನದ ಕಾಗದಕ್ಕೆ ತಾಯಿ ಸಹಿ ಹಾಕಿದಳು. ಅಕ್ಷರ ದುಂಡಗಿತ್ತು.

ಸುದ್ದಿ ಕೇಳಿದ ತಂದೆ ಮೊದಲು ನಕ್ಕುಬಿಟ್ಟ. ಆಮೇಲೆ ಗೋಡೆ ಹಿಡಿದು ನೆಲದ ಮೇಲೆ ಕುಸಿದು ಕೂತ. "ನಾನು ಅವಳಿಗೇನು ಕಮ್ಮಿ ಮಾಡಿದ್ದೆ ಮೇಡಂ?" ಎಂದು ಮತ್ತೆ ಮತ್ತೆ ಕೇಳಿದ. ಅದು ನಾಟಕವಾಗಿರಲಿಲ್ಲ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮಗಳಿಗೆ ಹೇಳುವ ಕೆಲಸವನ್ನು ಇನ್ಸ್‌ಪೆಕ್ಟರ್ ಯಾರಿಗೂ ವಹಿಸಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಏನನ್ನೂ ಮುಚ್ಚಿಡದೆ, ಫ್ಲಾಸ್ಕಿನಿಂದ ಹಿಡಿದು ಬೀಗದ ಕೈವರೆಗೆ ಹೇಳಿದರು. ಹುಡುಗಿ ಅಳುತ್ತಾಳೆ, ಕಿರುಚುತ್ತಾಳೆ, ಸುಳ್ಳು ಎನ್ನುತ್ತಾಳೆ ಎಂದು ನರ್ಸನ್ನು ಹತ್ತಿರವೇ ನಿಲ್ಲಿಸಿಕೊಂಡಿದ್ದರು.

ಹುಡುಗಿ ಅಳಲಿಲ್ಲ.

"ನಂಗೆ ಹೇಳಿದ್ರೆ ಸಾಕಿತ್ತು," ಎಂದಳು. "ನಾನೇ ತಪ್ಪು ಬರೀತಿದ್ದೆ."

ಹೇಳಿಕೆಯ ಹಾಳೆ ಮುಂದಿಟ್ಟಾಗ ಹುಡುಗಿ ಪ್ರತಿ ಸಾಲನ್ನೂ ಓದಿ, ಒಂದು ಕಡೆ ತಪ್ಪಾಗಿದ್ದ ತಾರೀಖನ್ನು ತಿದ್ದಿಸಿ, ಸಹಿ ಹಾಕಿದಳು. ಪೆನ್ನು ವಾಪಸು ಕೊಡುತ್ತ ಕೇಳಿದಳು:

"ಅಮ್ಮ ಏನಾದ್ರೂ ತಿಂದ್ರಾ ಮೇಡಂ?"