ಭಾವನ ದಪ್ಪ ಸೂಟು

ಇದು ಹಾಡಹಗಲೇ ಅಕ್ಕನ ಮನೆಯಲ್ಲಿ ನಡೆದದ್ದು. ತಣ್ಣಗೆ ಕೊರೆಯುವ ಆ ಸಮುದ್ರಕ್ಕೆ ಡೈವಿಂಗ್ ಹೋಗಲು ಗೆಳೆಯರು ಈ ವರ್ಷವೂ ದೋಣಿ ಗೊತ್ತುಮಾಡಿದ್ದರು. ನಾನೂ ಒಪ್ಪಿಕೊಂಡು, ದಪ್ಪ ರಬ್ಬರ್ ಸೂಟು ತೊಟ್ಟು ನೋಡುತ್ತಿದ್ದೆ.

ಸೂಟು ಭಾವನದು. ಹೋದ ವರ್ಷ ದಡದಲ್ಲಿ ನಾನು ಗಡಗಡ ನಡುಗುವುದನ್ನು ನೋಡಿ, "ಇದನ್ನ ಹಾಕ್ಕೋ, ಹೆದರುಪುಕ್ಕಲ" ಎಂದು ಕೊಟ್ಟು, ನನ್ನ ತೆಳು ಸೂಟನ್ನು ತಾವು ತೊಟ್ಟಿದ್ದರು. ಮೈ ಬೆಚ್ಚಗಿರಲೆಂದು ಸೂಟಿನ ಕತ್ತಿನೊಳಗೆ ಫ್ಲಾಸ್ಕಿನ ಬಿಸಿನೀರು ಸುರಿದು, ಬೆನ್ನಿನ ಜಿಪ್ ಎಳೆದು, ಎರಡು ಸಲ ಭುಜ ತಟ್ಟಿದ್ದರು. ಅವತ್ತು ಮುಳುಗಿದ ಅವರು ನೀರಿನಿಂದ ಮೇಲೆ ಬರಲೇ ಇಲ್ಲ. ಸೂಟು ಬದಲಾಯಿಸಿಕೊಂಡದ್ದನ್ನು ಅಕ್ಕನಿಗೆ ಹೇಳಲು ನನಗೆ ಬಾಯೇ ಬಂದಿಲ್ಲ.

ಬೆನ್ನಿನ ಜಿಪ್ ಎಳೆಯುವ ದಾರ ತುಂಡಾಗಿತ್ತು. ಒಬ್ಬರೇ ಹಾಕಿಕೊಳ್ಳಲು ಆಗುವುದಿಲ್ಲ. "ಅಕ್ಕಾ, ಸ್ವಲ್ಪ ಬಾ" ಎಂದು ಕೂಗಿ ಗೋಡೆಗೆ ಮುಖ ಮಾಡಿ ನಿಂತೆ. ಬೆನ್ನಿನುದ್ದಕ್ಕೂ ಬಿಸಿನೀರು ಇಳಿಯಿತು. ಜಿಪ್ ಸರ್ರನೆ ಮೇಲೇರಿತು.

"ನೀರು ಯಾಕೆ ಹಾಕಿದೆ?" ಎಂದು ತಿರುಗಿದರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅಕ್ಕ ಒಣಗಿದ ಬಟ್ಟೆ ಹೊತ್ತುಕೊಂಡು ಆಗಷ್ಟೇ ಮಹಡಿಯಿಂದ ಇಳಿದು ಬಂದಳು.

"ಕರೆದ್ಯಾ? ಜಿಪ್ ನೀನೇ ಹಾಕ್ಕೊಂಡಿದ್ದೀಯಲ್ಲ."

ನನ್ನ ಪಾದದ ಸುತ್ತ ನೆಲ ಒದ್ದೆಯಾಗುತ್ತಿತ್ತು. ಅಕ್ಕ ಬಟ್ಟೆ ಕೆಳಗಿಟ್ಟು, ಎರಡೂ ಕೈಯಿಂದ ಸೂಟಿನ ತೋಳು ಹಿಡಿದು ನೋಡಿದಳು. ಅವಳಿಗೆ ಈ ಕರೀ ರಬ್ಬರೆಲ್ಲ ಒಂದೇ.

"ಒಳ್ಳೆ ದಪ್ಪ ಇದೆ. ನಿಂದೇನಾ?"

"ಹೂಂ, ನಂದೇ" ಅಂದೆ.

ಅವಳ ಎರಡೂ ಕೈ ಇನ್ನೂ ನನ್ನ ತೋಳಿನ ಮೇಲೇ ಇದ್ದವು. ಹಿಂದಿನಿಂದ ಯಾರೋ ನನ್ನ ಭುಜವನ್ನು ಎರಡು ಸಲ ತಟ್ಟಿದರು.