ಅಳೆಯದೆ ಬಿಟ್ಟ ಮಗ್ಗುಲು

"ಹಿತ್ತಲ ಕಡೆ ಟೇಪು ಹಿಡೀಬೇಡಿ ಸಾರ್. ಮಿಕ್ಕ ಮೂರು ಮಗ್ಗುಲು ಅಳ್ದಾಯ್ತು. ಅದೊಂದನ್ನ ಹಳೇ ನಕ್ಷೆ ನೋಡಿ ಹಾಕ್ಕೊಡ್ತೀನಿ."

ಸರ್ವೆಯವನು ದನಿ ತಗ್ಗಿಸಿ ಹೇಳಿದ್ದೇ ತಡ, ಮನೆ ಕೊಳ್ಳಲು ಬಂದಿದ್ದ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ತಕ್ಕಡಿ, ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಕಸುಬು ಅವನದು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಊಟ ಬಿಟ್ಟು ಕೂರುವ ಆಸಾಮಿ. ಅಂಥವನಿಗೆ ಒಂದು ಮಗ್ಗುಲು ಅಳೆಯಬೇಡ ಎಂದರೆ ಕೇಳುತ್ತಾನೆಯೇ?

"ಯಾಕ್ರೀ, ಹಿತ್ತಲಲ್ಲಿ ದೆವ್ವ ಕಟ್ಟಿಹಾಕಿದ್ದಾರಾ?"

"ದೆವ್ವ ಅಲ್ಲ, ಮಾಟ. ಹಿಂದೆ ಇಲ್ಲಿ ಅಣ್ಣ ತಮ್ಮಂದಿರಿಗೆ ಪಾಲಾಯ್ತು. ಅಣ್ಣ ಗೇಣು ಹಾಕಿ ಅಳೆಯೋವಾಗ ಮೋಸ ಮಾಡಿ ತಮ್ಮನನ್ನ ಬೀದಿಗೆ ತಳ್ದ. ತಮ್ಮ ಮಾಟಗಾರನ್ನ ಕರೆಸಿ ನಾಲ್ಕು ಮೂಲೇಲೂ ಏನೋ ಹೂಳಿಸ್ದ. ಅಳತೆ ಹಿಡ್ಕೊಂಡು ಈ ಜಾಗಾನ ಪೂರ್ತಿ ಸುತ್ತಿ ಬಂದ್ರೆ, ಒಳಗಿರೋರು ಒಳಗೇ. ಮೊದಲನೇ ಗೂಟಕ್ಕೇ ವಾಪಸ್ ಬಂದು ಮುಗಿಸ್ಬೇಕು ಅನ್ನೋದು ನಮ್ಮ ಕೆಲಸದ ಪದ್ಧತಿ, ನಿಜ. ಆದ್ರೆ ಇಲ್ಲಿಗೆ ಬಂದ ಸರ್ವೆಯವರೆಲ್ಲ ಹಿತ್ತಲ ಮಗ್ಗುಲು ಬಿಟ್ಟೇ ಹೋಗಿದ್ದಾರೆ."

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು. "ಅವರು ಬೇಡ ಅಂತಿದ್ದಾರಲ್ಲ, ಬಿಡೀಂದ್ರೆ. ನಂಗೂ ಯಾಕೋ ಈ ಮನೆ ಮನಸ್ಸಿಗೆ ಬರ್ತಿಲ್ಲ."

"ನೀನು ಸುಮ್ನಿರೇ! ಜಿರಲೆ ಕಂಡ್ರೆ ಮಂಚ ಹತ್ತೋಳ ಮಾತು ಕೇಳಿ ಮನೆ ತಗೊಳ್ಳೋಕಾಗುತ್ತಾ? ಸ್ಲಾಬು ಸೋರ್ತದಾ ನೋಡು, ಹೋಗು."

ಮುಖ ಕಿಟಕಿಯಿಂದ ಸರಿಯಿತು. ಮದುವೆಯಾದಾಗಿನಿಂದ ಅವಳ ಮಾತಿಗೆ ಅವನ ಹತ್ತಿರ ಕವಡೆ ಕಿಮ್ಮತ್ತಿರಲಿಲ್ಲ.

ಸರ್ವೆಯವನು ಟೇಪನ್ನು ನೆಲಕ್ಕಿಟ್ಟು ಬೀದಿಗೆ ಹೋಗಿ ನಿಂತ. "ನನ್ನ ಕೈಲಾಗಲ್ಲ."

"ಹೇಡಿ ನನ್ಮಗ," ಎಂದು ಗೊಣಗುತ್ತಾ ಕೊಳ್ಳಲು ಬಂದವನೇ ಟೇಪಿನ ಕೊಕ್ಕೆಯನ್ನು ಹಿತ್ತಲ ಮೂಲೆಯ ಗೂಟಕ್ಕೆ ಸಿಕ್ಕಿಸಿದ. ಮುಳ್ಳುಬೇಲಿಯ ಹೊರಮಗ್ಗುಲಲ್ಲೇ ಎಳೆದುಕೊಂಡು ನಡೆದ. ಟೇಪು ಕಿರ್ರನೆ ಬಿಚ್ಚಿಕೊಂಡಿತು. ಮೊದಲನೆಯ ಗೂಟ ಎದುರಾಯಿತು. ಬಗ್ಗಿ ಟೇಪನ್ನು ಅದಕ್ಕೆ ತಾಗಿಸಿದ.

ನೆಲದೊಳಗೆ ಎಲ್ಲೋ ಅಗುಳಿ ಬಿದ್ದ ಸದ್ದಾಯಿತು.

ಕಾಗೆಗಳ ಕೂಗು ನಿಂತಿತು. ಸುಟ್ಟ ಕೂದಲ ಕಮಟು ವಾಸನೆ ಮೂಗಿಗೆ ಅಡರಿತು. ಬೆಚ್ಚಿ ಟೇಪನ್ನು ಕಿತ್ತೆಸೆದ. ಆದರೆ ಟೇಪು ಹಾದ ಕಡೆಯೆಲ್ಲ ಮಣ್ಣಿನ ಮೇಲೆ ಕಪ್ಪು ಗೆರೆ ಮೂಡಿತ್ತು, ಒದ್ದೆಯಾಗಿ. ಬೀದಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಗೆರೆಯ ಒಳಗೆ ಮಾತ್ರ ಕತ್ತಲು ನೆಲದಿಂದ ಮೇಲೇರುತ್ತಿತ್ತು, ಹಂಡೆಯಲ್ಲಿ ನೀರು ತುಂಬಿದ ಹಾಗೆ.

"ರೀ! ಇದೇನ್ರೀ ಕತ್ತಲೆ?"

ಹೆಂಡತಿ ಹಿತ್ತಲ ಬಾಗಿಲಿನಿಂದ ಓಡಿ ಬಂದಳು. ಆ ಗೂಟದ ಪಕ್ಕದ ಬೇಲಿಯ ಸಂದಿನಲ್ಲಿ, ಗೆರೆಯ ಹತ್ತಿರ ಬಂದವಳೇ ಗಕ್ಕನೆ ನಿಂತಳು. ಪಾದ ಮುಂದಕ್ಕೆ ಏಳಲಿಲ್ಲ. ಅವಳ ಬೆನ್ನ ಹಿಂದೆ, ಮನೆಯೊಳಗಿನ ಕತ್ತಲಲ್ಲಿ, ಏನೋ ಸದ್ದು. ಥಪ್. ಥಪ್. ಯಾರೋ ಗೇಣು ಹಾಕುತ್ತಾ ನೆಲ ಅಳೆದುಕೊಂಡು ಬರುತ್ತಿದ್ದರು.

ಅವನು ಬೀದಿಯ ಕಡೆ ತಿರುಗಿದ. "ಏನಾದ್ರೂ ಮಾಡ್ರೀ!" ಎಂದು ಸರ್ವೆಯವನ ಕಡೆ ಕಿರುಚಿದ.

"ಸುತ್ತು ಮುಗಿಸಿದೋರು ಒಳಗೆ ಹೋದ್ರೆ ಒಳಗಿರೋರು ಆಚೆ ಬರ್ತಾರೆ. ಬೇರೆ ದಾರಿ ಇಲ್ಲ ಸಾರ್."

ಅವನು ಕಾಲು ಮುಂದಿಟ್ಟ. ಗೆರೆಯ ಅಂಚಿಗೆ ಹೆಬ್ಬೆರಳು ಬಂತು. ಥಪ್. ಕಾಲು ತಾನಾಗಿ ಹಿಂದಕ್ಕೆ ಸರಿಯಿತು. ಹೆಂಡತಿ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

"ಹೆದರ್ಬೇಡ ಕಣೇ. ನಾನು ಹೋಗಿ ಯಾರನ್ನಾದ್ರೂ ಕರ್ಕೊಂಡ್ ಬರ್ತೀನಿ."

ಅವಳು ಅಳಲಿಲ್ಲ. ಅವನ ಮುಖವನ್ನೇ ನೋಡಿದಳು.

"ಆಯ್ತು, ಹೋಗ್ಬನ್ನಿ. ಭಯ ಆಗ್ತಿದೆ, ಒಂದ್ಸಲ ಕೈ ಹಿಡ್ಕೊಳ್ಳಿ."

ನಾಚಿಕೆಯಿಂದ ಅವನ ಮುಖ ಸಣ್ಣಗಾಯಿತು. ಇಷ್ಟೂ ಮಾಡದಿದ್ದರೆ ಹೇಗೆ? ಕೈ ಚಾಚಿದ.

ಅವಳು ಹಿಡಿದಳು. ಎರಡೂ ಕೈಯಲ್ಲಿ. ಗಟ್ಟಿಯಾಗಿ. ಕಾಲನ್ನು ಗೂಟಕ್ಕೆ ಒತ್ತಿಕೊಟ್ಟು ಜಗ್ಗಿದಳು.

ಮುಗ್ಗರಿಸಿದ. ಮಂಡಿ ನೆಲಕ್ಕೆ ಬಿತ್ತು. ಬಾಯಿಗೆ ಮಣ್ಣು. ಬಿಸಿಲು ಆರಿಹೋಯಿತು. ತಲೆಯೆತ್ತಿದರೆ ಹೆಂಡತಿ ಬೇಲಿಯ ಆಚೆ ನಿಂತಿದ್ದಳು, ಬಿಸಿಲಲ್ಲಿ. ಎದ್ದು ನಿಂತ. ಪಾದ ಏಳಲಿಲ್ಲ.

"ಲೇ! ಲೇ, ಬಾರೇ! ನಾನು ಬರೋನೇ ಇದ್ದೆ ಕಣೇ! ನಿನ್ನಾಣೆ!"

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಜಗ್ಗಾಟದಲ್ಲಿ ಕಳಚಿಬಿದ್ದಿದ್ದ ತನ್ನ ಚಪ್ಪಲಿಯನ್ನು ಕಾಲಿಗೆ ಸಿಕ್ಕಿಸಿಕೊಂಡಳು.

"ಹೆದರ್ಬೇಡಿ ರೀ," ಎಂದಳು. "ನಾನು ಹೋಗಿ ಯಾರನ್ನಾದ್ರೂ ಕರ್ಕೊಂಡ್ ಬರ್ತೀನಿ."

ಅವಳು ಬೀದಿ ಹಿಡಿದು ನಡೆದಳು. ಸರ್ವೆಯವನು ತಲೆ ತಗ್ಗಿಸಿ ಟೇಪು ಸುತ್ತಿಕೊಳ್ಳತೊಡಗಿದ. ಗೆರೆಯೊಳಗಿದ್ದವನು ಕೂಗಿದ. ಗಂಟಲು ಬಿರಿಯುವಂತೆ ಕೂಗಿದ. ತಿರುವಿನಲ್ಲೂ ಅವಳು ಹಿಂತಿರುಗಿ ನೋಡಲಿಲ್ಲ.

ಬೆನ್ನ ಹಿಂದೆ ಥಪ್ ಎಂಬ ಸದ್ದು ನಿಂತಿತು. ತಣ್ಣನೆಯ ಹೆಬ್ಬೆರಳೊಂದು ಅವನ ಹಿಮ್ಮಡಿಗೆ ತಾಗಿತು. ಕಿರುಬೆರಳು ಮೀನಖಂಡದ ಮೇಲೆ ಊರಿತು. ಆಮೇಲೆ ಇನ್ನೊಂದು ಗೇಣು ಮೇಲಕ್ಕೆ ಬಂತು.